ಎರಡು ಗೇಣಿನ ಬೊಂತೆ

ಸಾವಿನ ಮುಂದೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಶೋಕಸಭೆಯಲ್ಲಿ ಇದೆ. ಕಳೆದ ವಾರ ತಿ. ನರಸೀಪುರದ ನಮ್ಮ ಹಳೆಯ ಹೈಸ್ಕೂಲಿನಲ್ಲಿ ನಡೆದ ಸಭೆಯಲ್ಲಿ ಕಮಿಟಿಯವರಿಗೆ ಕೈಯಿರುವ ಕುರ್ಚಿ, ಮೇಷ್ಟ್ರುಗಳಿಗೆ ಕೈಯಿಲ್ಲದ ಕುರ್ಚಿ, ನನ್ನಂಥ ನಿವೃತ್ತರಿಗೆ ಬೆಂಚು ಹಾಕಿದ್ದರು. ತೀರಿಕೊಂಡವರಿಗೆ ಸ್ಟೂಲು. ಅದರ ಮೇಲೆ ಅವರ ಫೋಟೊ, ಫೋಟೊ ಜಾರದಂತೆ ಹಿಂದುಗಡೆ ಆತುಕೊಂಡು ಒಂದು ಡಸ್ಟರು.

ಈಗಿನ ಹೆಡ್ಮಾಸ್ತರರು ಅವರನ್ನು ಕಂಡವರಲ್ಲ. ಕಾಣದವರ ಬಗ್ಗೆ ಭಾಷಣ ಮಾಡುವುದು ಸುಲಭ, ನೆನಪುಗಳು ಅಡ್ಡ ಬರುವುದಿಲ್ಲ. "ದಿವಂಗತರು ಈ ಶಾಲೆಯಲ್ಲಿ ಹೊಲಿಗೆ ಶಿಕ್ಷಕಿಯಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ಬಿಡುವಿನ ವೇಳೆಯಲ್ಲಿ ಅಂದವಾದ ಕಾಲೊರಸುಗಳನ್ನು ತಯಾರಿಸುತ್ತಿದ್ದರೆಂದು ತಿಳಿದುಬಂದಿದೆ" ಎಂದರು. ಆಮೇಲೆ ಒಂದು ನಿಮಿಷದ ಮೌನ. ಎಲ್ಲರೂ ತಲೆ ತಗ್ಗಿಸಿದರು. ನಾನು ಹಲ್ಲು ಕಚ್ಚಿಕೊಂಡಿದ್ದೆ.

ಈ ಬರಹ ಹುಟ್ಟಿದ್ದು ಆ ಒಂದು ನಿಮಿಷದಲ್ಲಿ. ಸಿಟ್ಟು ಬಂದಾಗ ಬರೆಯಬಾರದು, ಇಳಿದ ಮೇಲೆ ಬರೆಯಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಮಕ್ಕಳು ನನ್ನ ಮಾತು ಕೇಳಲಿಲ್ಲ. ಒಳ್ಳೆಯದೇ ಮಾಡಿದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಶಾಲೆಯಲ್ಲಿಯೂ ಯಾರೂ ಹೆಸರಿನಿಂದ ಕರೆದದ್ದಿಲ್ಲ. ಮಕ್ಕಳಿಗೆ ಹೊಲಿಗೆ ಮಿಸ್, ಜವಾನರಿಗೆ ಅಮ್ಮಾವ್ರು, ನನಗೆ ಟೀಚರಮ್ಮ. ನಾನು ಕನ್ನಡ ಪಂಡಿತ, ಹಾಗಾಗಿ ಅವರ ಬಾಯಲ್ಲಿ ಪಂಡಿತ್ರು. ಇಬ್ಬರೂ ನಂಜನಗೂಡಿನವರು, ಬೆಳಿಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು. ಅವರಿಗೆ ಕಿಟಕಿ ಪಕ್ಕವೇ ಬೇಕು. ಕಿಟಕಿ ಪಕ್ಕದಲ್ಲಿ ಕೂತ ಯಾವನನ್ನಾದರೂ ಸರಿ, "ಸ್ವಲ್ಪ ಏಳಪ್ಪಾ, ನಂಗೆ ಕೆಲಸ ಇದೆ" ಎಂದು ಎಬ್ಬಿಸಿಬಿಡುತ್ತಿದ್ದರು. ಕೆಲಸವೆಂದರೆ ನೋಡುವುದು. ಗದ್ದೆ ನೋಡುವುದು, ಸುತ್ತೂರಿನ ಕಡೆ ಮನೆಗಳಿಗೆ ಬಳಿದ ಸುಣ್ಣ ನೋಡುವುದು, ಹಗ್ಗದ ಮೇಲೆ ಒಣಗಲು ಹಾಕಿದ ಲಂಗಗಳ ಸಾಲು ನೋಡುವುದು. ಇದ್ದಕ್ಕಿದ್ದ ಹಾಗೆ ಬ್ಯಾಗಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಮುಂದಿನ ಸೀಟಿನ ಬೆನ್ನಿಗೆ ಎರಡು ಗೆರೆ ಎಳೆಯುತ್ತಿದ್ದರು. ಕಂಡಕ್ಟರು ಒಂದು ಸಲ, "ಅಮ್ಮಾ, ಇದು ಬಸ್ಸು ಕಣಮ್ಮ, ಬೋರ್ಡಲ್ಲ" ಎಂದ. "ಗೊತ್ತಪ್ಪಾ, ಬೋರ್ಡಾಗಿದ್ರೆ ಮಕ್ಕಳು ಅಳಿಸಿಬಿಡ್ತಿದ್ರು" ಎಂದರು.

ಅವರು ಹೊಲಿಯುತ್ತಿದ್ದುದು ಬೊಂತೆ. ಹಳೆ ಸೀರೆ, ಹಳೆ ಪಂಚೆಗಳನ್ನು ಪದರದ ಮೇಲೆ ಪದರ ಇಟ್ಟು ದಬ್ಬಳದಲ್ಲಿ ಹೊಲಿದ ಹೊದಿಕೆಗೆ ನಮ್ಮ ಕಡೆ ಬೊಂತೆ ಅನ್ನುತ್ತಾರೆ, ಬಡಗಣ ಸೀಮೆಯವರು ಕೌದಿ ಅನ್ನುತ್ತಾರೆ. ನಮ್ಮಜ್ಜಿಯ ಬೊಂತೆ ಹೊದ್ದರೆ ಚಳಿ ಹತ್ತಿರ ಸುಳಿಯುತ್ತಿರಲಿಲ್ಲ, ಉಸಿರೂ ಸುಳಿಯುತ್ತಿರಲಿಲ್ಲ. ಟೀಚರಮ್ಮನ ಬೊಂತೆಗಳು ಆ ಜಾತಿಯವಲ್ಲ. ಎರಡು ಗೇಣು ಅಗಲ, ಎರಡೂವರೆ ಗೇಣು ಉದ್ದ. ಹೂವಿಲ್ಲ, ನವಿಲಿಲ್ಲ, ಸ್ವಸ್ತಿಕವಿಲ್ಲ. ಒಂದರಲ್ಲಿ ಬೂದು ಬಟ್ಟೆಯ ಮೂಲೆಯಲ್ಲಿ ಒಂದು ಕೆಂಪು ಪಟ್ಟಿ, ಅಷ್ಟೇ. ಇನ್ನೊಂದರಲ್ಲಿ ಹಸಿರು ಚೌಕಗಳ ನಡುವೆ ಒಂದೇ ಒಂದು ಒಣಹುಲ್ಲಿನ ಬಣ್ಣದ್ದು, ಅದೂ ಸೊಟ್ಟ.

ಮೊದಲನೆಯದನ್ನು ತೋರಿಸಿದಾಗ ನಾನು ಕನ್ನಡಕ ಏರಿಸಿಕೊಂಡು ಕೇಳಿದೆ, "ಮುಗೀತಾ ಟೀಚರಮ್ಮ ಇದು?"

"ಮುಗೀತು."

"ಈ ಕಡೆ ಏನೂ ಇಲ್ವಲ್ಲ?"

"ಏನೂ ಇಲ್ದಿರೋದನ್ನೂ ಹೊಲಿದಿದ್ದೀನಿ. ಕೈಯಾಡಿಸಿ."

ಕೈಯಾಡಿಸಿದೆ. ಬೂದು ಬಟ್ಟೆಯ ಮೇಲೆ ಬೂದು ದಾರ, ಎಳ್ಳುಕಾಳಿನಷ್ಟು ಹೊಲಿಗೆ, ಸಾಲು ಸಾಲು, ಒಂದೂ ತಪ್ಪಿಲ್ಲ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ನಾನು "ಹ್ಞೂಂ" ಎಂದೆ. ಹಳಗನ್ನಡ ಓದಿದವರು ಅರ್ಥವಾಗದಾಗ ಹೀಗೆ ಅನ್ನುತ್ತೇವೆ.

ಅವರಿಗೊಂದು ಅಭ್ಯಾಸವಿತ್ತು. ಏನನ್ನು ಕೈಗೆ ಕೊಟ್ಟರೂ ತಿರುಗಿಸಿ ಹಿಂಭಾಗ ನೋಡುವುದು. ಸೀರೆ ಕೊಟ್ಟರೆ ಸೆರಗಿನ ಹಿಂಭಾಗ, ಮಕ್ಕಳ ಕಸೂತಿ ಕೊಟ್ಟರೆ ಗಂಟುಗಳಿರುವ ಮಗ್ಗುಲು. "ಮುಂದುಗಡೆ ಎಲ್ಲಾರೂ ಚೆನ್ನಾಗೇ ಇರ್ತಾರೆ" ಎನ್ನುವರು. ನಾನೊಮ್ಮೆ ಯಾರದೋ ಬೀಳ್ಕೊಡುಗೆಗೆ ಹದಿನಾರು ಸಾಲಿನ ಪದ್ಯ ರಚಿಸಿ ಅವರಿಗೆ ತೋರಿಸಿದೆ. ಓದಿದರು. ಹಾಳೆ ತಿರುಗಿಸಿದರು. ಹಿಂದುಗಡೆ ಖಾಲಿ. "ಈ ಕಡೇದು ಚೆನ್ನಾಗಿದೆ ಪಂಡಿತ್ರೇ" ಎಂದರು.

ಆ ಬೊಂತೆಗಳನ್ನು ನೋಡಿದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ಏನಕ್ಕೆ ಬರುತ್ತೆ? ವಿಜ್ಞಾನದ ಮೇಷ್ಟ್ರು ಟಿ.ವಿ. ಮೇಲೆ ಹಾಕಬಹುದು ಎಂದರು. ಆ ಕಾಲದಲ್ಲಿ ನಮ್ಮ ಕಡೆ ಟಿ.ವಿ.ಗೂ ಬಟ್ಟೆ ಉಡಿಸುವ ಮರ್ಯಾದಸ್ಥ ಪದ್ಧತಿಯಿತ್ತು. ಹಿಂದಿ ಮೇಡಮ್ಮು ತೊಟ್ಟಿಲಿಗೆ ಹಾಸಬಹುದು ಎಂದರು. ಹೆಡ್ಮಾಸ್ತರರು, ಆಗಿನವರು, ನೇರವಾಗಿ ಕೇಳಿದರು, "ಏನಕ್ಕಮ್ಮಾ ಇದು?"

"ನೋಡೋಕೆ ಸಾರ್."

"ನೋಡೋಕೆ ದೇವ್ರ ಫೋಟೊ ಇದೆಯಲ್ಲಮ್ಮಾ."

ಹದಿನೈದು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಒಂದು ಹಾಡಿಗೆ ಏನು ಉಪಯೋಗ ಎಂದು ಯಾರೂ ಕೇಳಲಿಲ್ಲ, ನನ್ನ ಪದ್ಯಗಳಿಗೆ ಏನು ಉಪಯೋಗ ಎಂದು ಕೇಳಲಿಲ್ಲ. ಅದನ್ನಂತೂ ಕೇಳಬೇಕಿತ್ತು. ಒಬ್ಬ ಹೆಂಗಸು ಬಟ್ಟೆ ಹೊಲಿದರೆ ಮಾತ್ರ ಅದು ಒರೆಸಲಿಕ್ಕೋ, ಹಿಡಿಯಲಿಕ್ಕೋ, ಹೊದಿಯಲಿಕ್ಕೋ ಬರಲೇಬೇಕು ಎಂದು ಇವರಿಗೆಲ್ಲ ಹೇಳಿಕೊಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಎರಡು ಮಾತು ಆಡುವುದಿದೆ.

ಅವರ ಆಸೆ ಇದ್ದದ್ದು ಒಂದೇ. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲಿದ್ದರು. ಆ ಮನೆಯ ಗೋಡೆಯಲ್ಲಿ ಮೊಳೆ ಹೊಡೆದರೆ ಸುಣ್ಣ ಉದುರುತ್ತದೆಂದು ತಮ್ಮನ ಹೆಂಡತಿಯ ಕಟ್ಟಪ್ಪಣೆ. ಬೊಂತೆಗಳೆಲ್ಲ ಟ್ರಂಕಿನಲ್ಲಿ. ಒಂದು ಸಂಜೆ ಬಸ್ಸಿನಲ್ಲಿ ಹೇಳಿದರು, "ಒಂದೇ ಒಂದು ಸಲ, ನಾಲ್ಕು ಜನ ಓಡಾಡೋ ಕಡೆ ಗೋಡೆಗೆ ಹಾಕ್ಬೇಕು ಪಂಡಿತ್ರೇ. ಹೊಗಳೋದೇನೂ ಬೇಡ. ಹೋಗ್ತಾ ಹೋಗ್ತಾ ಒಂದು ಗಳಿಗೆ ನಿಂತ್ಕೊಂಡ್ರೆ ಸಾಕು."

ಶಾಲೆಗೆ ಇಪ್ಪತ್ತೈದು ತುಂಬಿದ ವರ್ಷ ಆ ಅವಕಾಶ ಬಂತು. ಸಮಾರಂಭದ ಜೊತೆಗೆ ಶಾಲೆಯ ದೊಡ್ಡ ಹಾಲ್‌ನಲ್ಲಿ ವಸ್ತುಪ್ರದರ್ಶನ. ಮಕ್ಕಳ ಥರ್ಮೊಕೋಲಿನ ಜ್ವಾಲಾಮುಖಿ, ಬೀನ್ಸ್ ಮೊಳಕೆ, ಬೆಂಕಿಕಡ್ಡಿಯ ಗುಡಿ. ಟೀಚರಮ್ಮ ಹೋಗಿ ಒಂದು ಮೊಳೆ ಕೇಳಿದರು. ಹೆಡ್ಮಾಸ್ತರರು ಬಹಳ ಯೋಚಿಸಿ, ಬಾಗಿಲಿನ ಎದುರಿನ ಗೋಡೆಯಲ್ಲಿ ಒಂದು ಮೊಳೆ ಮಂಜೂರು ಮಾಡಿದರು.

ಅದಕ್ಕಾಗಿ ಆ ಬೇಸಿಗೆ ರಜೆಯೆಲ್ಲ ಹೊಲಿದರು. ಅವರ ತಂದೆಯ ಹಳೇ ಪಂಚೆಯ ಬಿಳಿ, ತೊಳೆದು ತೊಳೆದು ಹಾಲಿನ ಕೆನೆಯ ಬಣ್ಣಕ್ಕೆ ಬಂದದ್ದು. ಎರಡು ಗೇಣೂ ಆ ಬಿಳಿಯೇ. ಅದರಲ್ಲಿ ಮೇಲಿನಿಂದ ಕೆಳಕ್ಕೆ, ಕಿರುಬೆರಳಿಗಿಂತ ಸಣ್ಣಗೆ, ಬಳುಕಿ ಬಳುಕಿ ಇಳಿಯುವ ಒಂದು ನೀಲಿ ಪಟ್ಟಿ, ಹರಿದ ಯೂನಿಫಾರ್ಮಿನದು. ನೋಡಿದ ತಕ್ಷಣ ನನಗೂ, ಮೊದಲ ಬಾರಿಗೆ, ತಿಳಿಯಿತು. ನಮ್ಮ ಬಸ್ಸು ಹೊಳೆ ದಾಟುವಾಗ ಏಪ್ರಿಲ್ಲಿನಲ್ಲಿ ಕಾಣುವ ಕಪಿಲೆ. ಮರಳೇ ಮರಳು, ನಡುವೆ ಉಳಿದ ಒಂದೆಳೆ ನೀರು. ಬಿಳಿಯೊಳಗೆ ಬಿಳಿ ದಾರದಲ್ಲಿ ಮರಳಿನ ಅಲೆಗಳನ್ನೆಲ್ಲ ಹೊಲಿದಿದ್ದರು. ಅರ್ಥ ಹೊಳೆದ ಪಂಡಿತ ಅಪಾಯಕಾರಿ.

"ಚೀಟಿ ಬರೆದುಕೊಡಿ, ನಿಮ್ಮ ಅಕ್ಷರ ಚೆನ್ನಾಗಿದೆ. ಬೊಂತೆ ಅಂತ ಬರೀರಿ, ಸಾಕು" ಎಂದರು.

"ಬೊಂತೆ ಅನ್ನೋದು ಗ್ರಾಮ್ಯ ಟೀಚರಮ್ಮ. ಕಮಿಟಿ ಅಧ್ಯಕ್ಷರು ಬರ್ತಾರೆ."

"ಬಂದ್ರೆ? ಬೊಂತೇನ ಬೊಂತೆ ಅನ್ನದೆ ಇನ್ನೇನು ಅಂತೀರಿ?"

ನಾನು ಆಗಲೇ ಮನಸ್ಸಿನಲ್ಲಿ ಪದ ಟಂಕಿಸಿ ಆಗಿತ್ತು. ಕಿರುಹಾಸು. ಕಿರು ಎಂದರೆ ಚಿಕ್ಕದು, ಹಾಸು ಎಂದರೆ ಹಾಸುವ ವಸ್ತ್ರ. ಎರಡೂ ಅಚ್ಚಗನ್ನಡ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಂಥ ಪದ.

"ಹಾಸೋದಲ್ಲ ಪಂಡಿತ್ರೇ ಇದು. ನೋಡೋದು."

"ಪದಕ್ಕೊಂದು ಘನತೆ ಬೇಡವೇ?" ಎಂದು, ಚೀಟಿ ಅಗಲ ಕಮ್ಮಿಯಿದ್ದುದರಿಂದ ಮೇಲೆ 'ಕಿರು', ಕೆಳಗೆ 'ಹಾಸು' ಎಂದು ದಪ್ಪ ನಿಬ್ಬಿನಲ್ಲಿ ಬರೆದುಕೊಟ್ಟೆ. ಟೀಚರಮ್ಮ ಚೀಟಿಯನ್ನು ತಿರುಗಿಸಿ ಖಾಲಿ ಬೆನ್ನು ನೋಡಿದರು. "ಬರೆದುಬಿಟ್ಟಿದ್ದೀರಲ್ಲ. ಇರ್ಲಿ ಬಿಡಿ" ಎಂದು ಬೊಂತೆಗೆ ಪಿನ್ನು ಚುಚ್ಚಿದರು.

ಇಲ್ಲಿ ನಮ್ಮ ಹೆಡ್ಮಾಸ್ತರರ ಆಡಳಿತ ಪದ್ಧತಿಯನ್ನು ಹೇಳಬೇಕು. ಅವರು ಜವಾನರೊಡನೆ ಮಾತಾಡುತ್ತಿರಲಿಲ್ಲ, ಚೀಟಿ ಅಂಟಿಸುತ್ತಿದ್ದರು. ಬೀರುವಿನ ಮೇಲೆ 'ಒರಸು'. ಕಿತ್ತುಹೋದ ಬೆಂಚಿನ ಮೇಲೆ 'ತೆಗೆ'. ಮಾವಿನೆಲೆಯ ಕಟ್ಟಿನ ಮೇಲೆ 'ಕಟ್ಟು'. ಎಲ್ಲವೂ ಏಕವಚನ, ಎಲ್ಲವೂ ಒಂದು ಪದ. ಸೋಸಲೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಜವಾನ ಸಿದ್ದಯ್ಯ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಈ ಚೀಟಿಗಳನ್ನು ಕೂಡಿಸಿ ಕೂಡಿಸಿ ಓದಿ ಅರ್ಧ ಆಯಸ್ಸು ಕಳೆದಿದ್ದ. ಪ್ರದರ್ಶನದ ಸಾಮಾನೆಲ್ಲ ಹಿಂದಿನ ದಿನವೇ ಹೆಡ್ಮಾಸ್ತರರ ಮೇಜಿಗೆ ಒಪ್ಪಿಸಬೇಕೆಂದು ಆಜ್ಞೆಯಾಗಿತ್ತು. ಬೊಂತೆಯೂ ಹೋಗಿ ತೋರಣ, ಬ್ಯಾನರು, ಮೇಜುಬಟ್ಟೆಗಳ ಜೊತೆ ಕೂತಿತು. ಬೆಳಿಗ್ಗೆ ಹೆಡ್ಮಾಸ್ತರರು ಸಿದ್ದಯ್ಯನಿಗೆ, "ಎಲ್ಲದಕ್ಕೂ ಚೀಟಿ ಇದೆ. ನೋಡ್ಕೊಂಡು ಮಾಡು. ನನ್ನ ತಲೆ ತಿನ್ಬೇಡ" ಎಂದರಂತೆ.

ನಮ್ಮ ಬಸ್ಸು ಆ ದಿನವೇ ಸುತ್ತೂರಿನ ಹತ್ತಿರ ಪಂಕ್ಚರಾಗಬೇಕೆ? ನಾವು ಶಾಲೆ ಮುಟ್ಟುವ ಹೊತ್ತಿಗೆ ಅಧ್ಯಕ್ಷರ ಕಾರೂ ಬಂತು. ಅಧ್ಯಕ್ಷರು ರೈಸ್ ಮಿಲ್ಲಿನವರು, ಭಾರಿ ಆಳು, ಭಾರಿ ಬೂಟು. ನನ್ನನ್ನು ಸ್ವಾಗತದ ಸಾಲಿಗೆ ಎಳೆದುಕೊಂಡರು. ಟೀಚರಮ್ಮ ಹಿಂಬಾಗಿಲಿನಿಂದ ಹಾಲಿಗೆ ಓಡಿದರು, ತಮ್ಮ ಮೊಳೆಯ ಹತ್ತಿರ. ಧೂಳು ಏಳದಿರಲೆಂದು ಮೈದಾನಕ್ಕೆಲ್ಲ ನೀರು ಚಿಮುಕಿಸಿದ್ದರು. ಕೆಮ್ಮಣ್ಣು ಕೆಸರಾಗಿತ್ತು.

ಹಾಲಿನ ಹೊಸ್ತಿಲ ಮುಂದೆ, ನೀಟಾಗಿ, ಮೂಲೆಗಳನ್ನು ಎಳೆದು, ಕಪಿಲೆಯನ್ನು ಹಾಸಿತ್ತು.

ಅಧ್ಯಕ್ಷರು ಎಡಗಾಲು ಎರಡು ಸಲ ಉಜ್ಜಿದರು. ಬಲಗಾಲು ಮೂರು ಸಲ ಉಜ್ಜಿ, ಊರಿ ನಿಂತು, ಕೆಳಗೆ ನೋಡಿದರು. "ಚೆನ್ನಾಗಿದೆ ಕಣ್ರೀ. ಎಲ್ಲಿ ತಂದ್ರಿ?" ಆ ಹೆಂಗಸಿನ ಇಡೀ ಜೀವಮಾನದ ಕಲೆಗೆ ದೊರೆತ ಸಾರ್ವಜನಿಕ ವಿಮರ್ಶೆ ಇಷ್ಟೇ. ಹಿಂದೆ ಕಾರ್ಯದರ್ಶಿ ಉಜ್ಜಿದರು. ಖಜಾಂಚಿ ಉಜ್ಜಿದರು. ಹೆಡ್ಮಾಸ್ತರರು ಅಧ್ಯಕ್ಷರಿಗಿಂತ ಒಂದು ಸಲ ಕಡಿಮೆ ಉಜ್ಜಿದರು, ಶಿಸ್ತು. ನಾಲ್ಕು ಜನ ಓಡಾಡುವ ಕಡೆ ಇರಬೇಕು, ನಿಂತುಕೊಂಡರೆ ಸಾಕು ಎಂದಿದ್ದರಲ್ಲ. ಎಲ್ಲರೂ ನಿಂತುಕೊಂಡರು. ಅದರ ಮೇಲೆ.

ನನ್ನ ಸರದಿ ಬಂತು. ಬಗ್ಗಿ ಎತ್ತಿಕೊಳ್ಳಬಹುದಿತ್ತು. "ಸ್ವಾಮೀ, ಇದು ಕಾಲೊರಸಲ್ಲ" ಎಂದು ಕೂಗಬಹುದಿತ್ತು, ಮಕ್ಕಳ ಮೇಲೆ ಕೂಗಿ ಪಳಗಿದ ಗಂಟಲೇ. ನಾನು ಮಾಡಿದ್ದು, ಪಂಚೆ ಎತ್ತಿಕೊಂಡು, ಅಗಲವಾಗಿ ಹೆಜ್ಜೆ ಹಾಕಿ ಅದನ್ನು ದಾಟಿದ್ದು. ದಾಟಿದ್ದನ್ನೇ ಆಗ ದೊಡ್ಡ ಮರ್ಯಾದೆ ಎಂದುಕೊಂಡೆ. ಈ ಲೇಖನದಲ್ಲಿ ಯಾರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟನ್ನೂ ಒಟ್ಟು ಮಾಡಿ ಆ ದಾಟಿದ ಕಾಲಿಗೆ ಅರ್ಪಿಸುತ್ತೇನೆ. ತಲೆ ಎತ್ತಿದಾಗ ಎದುರುಗೋಡೆಯಲ್ಲಿ ಖಾಲಿ ಮೊಳೆ, ಅದರ ಪಕ್ಕದಲ್ಲಿ ಅವರು. ಎಲ್ಲವನ್ನೂ ನೋಡುತ್ತಿದ್ದರು.

ಆಮೇಲೆ ಸಿದ್ದಯ್ಯನ ಮೇಲೆ ಹರಿಹಾಯ್ದೆ. ನನಗೆ ಸಿಟ್ಟು ತೀರಿಸಿಕೊಳ್ಳಲು ಧೈರ್ಯವಿದ್ದದ್ದು ಅವನೊಬ್ಬನ ಮೇಲೆಯೇ.

"ಏನಯ್ಯಾ ಮಾಡಿಬಿಟ್ಟೆ!"

"ನಾನೇನ್ಮಾಡ್ದೆ ಸಾ? ಚೀಟಿ ಇತ್ತಲ್ಲ. ಮ್ಯಾಲೆ ಅದೇನೋ ಕಿರು ಅಂತ ಇತ್ತು, ಅದು ಗೊತ್ತಾಗ್ನಿಲ್ಲ. ಕೆಳಗೆ ಆಸು ಅಂತ ಇತ್ತು, ಅದು ಗೊತ್ತಾಯ್ತು. ಆಸ್ದೆ."

ಹೆಡ್ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಂಡಿತ್ರೇ, ನಿಮ್ಮ ಕನ್ನಡಕ್ಕೆ ಇಷ್ಟು ಪವರ್ ಇದೆ ಅಂತ ಗೊತ್ತಿರ್ಲಿಲ್ಲ ಕಣ್ರೀ!" ಸ್ಟಾಫ್ ರೂಮಿನಲ್ಲಿ ಒಂದು ತಿಂಗಳು ಯಾರು ಚಾಪೆ ಕೇಳಿದರೂ ಕಿರುಹಾಸು, ಕರವಸ್ತ್ರ ಕೇಳಿದರೂ ಕಿರುಹಾಸು. ನಾನೂ ನಕ್ಕೆ. ನಗದಿದ್ದರೆ ತಪ್ಪು ನನ್ನದೆಂದು ಗೊತ್ತಾಗಿಬಿಡುತ್ತಿತ್ತು.

ಆ ದಿನ ಜನ ಊಟಕ್ಕೆ ಹೋದ ಮೇಲೆ ಟೀಚರಮ್ಮ ಬೊಂತೆಯನ್ನು ಕೊಡವದೆ, ಕೆಸರು ಒಳಗಾಗುವ ಹಾಗೆ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಸಂಜೆ ಬಸ್ಸಿನಲ್ಲಿ ನಾನು ಕ್ಷಮೆಯ ವಾಕ್ಯವೊಂದನ್ನು ಕಟ್ಟುತ್ತಿದ್ದೆ, ವ್ಯಾಕರಣ ಸರಿಹೋಗುತ್ತಿರಲಿಲ್ಲ. ಹೊಳೆ ಬಂತು. ಅವರು ಬ್ಯಾಗು ತೆರೆದು, ಬೊಂತೆಯ ಒಂದು ಮೂಲೆ ಬಿಡಿಸಿ ನೋಡಿ, "ಅಧ್ಯಕ್ಷರ ಬಲಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ ಪಂಡಿತ್ರೇ. ನೋಡಿದ್ರಾ?" ಎಂದರು. ಮುಂದಿನ ಸೀಟಿನ ಬೆನ್ನಿಗೆ ಒಂದು ಗೆರೆ ಎಳೆದರು. ನನ್ನ ವಾಕ್ಯ ಅಲ್ಲೇ ಉಳಿಯಿತು. ಆಮೇಲೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಹೊಲಿಗೆ ಕೋಣೆಗೆ ಕರೆದು ತೋರಿಸಿದರು. ಒಣಗಿದ ಕೆಸರಿನ ಗುರುತುಗಳಲ್ಲಿ ಒಂದನ್ನು, ಬಲಗಾಲನ್ನು, ಆರಿಸಿಕೊಂಡು ಅದರ ಅಂಚಿನುದ್ದಕ್ಕೂ ಕೆಮ್ಮಣ್ಣಿನ ಬಣ್ಣದ ದಾರದಲ್ಲಿ ಹೊಲಿದಿದ್ದರು. ಅಟ್ಟೆಯ ಒಂದೊಂದು ಗೀರು, ಹಿಮ್ಮಡಿಯ ಸವೆತ, ಕಂಪನಿಯ ಹೆಸರಿನ ಎರಡು ಅಕ್ಷರ ತಿರುಗುಮುರುಗಾಗಿ. ಆಮೇಲೆ ಒಗೆದಿದ್ದರು. ಕೆಸರು ಹೋಗಿತ್ತು. ಬೂಟು ಉಳಿದಿತ್ತು. ಮರಳಿನ ನಡುವೆ ಕಾಲೂರಿಕೊಂಡು, ಒಂದೆಳೆ ನೀರಿನ ಮೇಲೆ ಹಿಮ್ಮಡಿ ಇಟ್ಟುಕೊಂಡು. ಮೊದಲಿಗಿಂತ ಚೆನ್ನಾಗಿತ್ತು. ಅದು ಚೆನ್ನಾಗಿದ್ದುದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

"ಈಗ ಮುಗೀತು" ಎಂದು ತಾವೇ ಮೊಳೆ ಹೊಡೆದು ಹೊಲಿಗೆ ಕೋಣೆಯ ಗೋಡೆಗೆ ನೇತುಹಾಕಿದರು. ಯಾರ ಮಂಜೂರಾತಿಯನ್ನೂ ಕೇಳಲಿಲ್ಲ. ಚೀಟಿಯನ್ನೂ ಕೇಳಲಿಲ್ಲ.

ಮೂರನೆಯ ದಿನ ಅಧ್ಯಕ್ಷರು ಬಂದರು. ಹೊಲಿಗೆ ಕೋಣೆಯಲ್ಲಿ ಕಂಪ್ಯೂಟರು ಇಡಬಹುದೇ ಎಂದು ಅಳತೆ ನೋಡಲು. ಜೊತೆಯಲ್ಲಿ ಹೆಡ್ಮಾಸ್ತರರು, ಟೇಪು ಹಿಡಿಯಲು ಸಿದ್ದಯ್ಯ, ಕರೆಯದಿದ್ದರೂ ನಾನು. ಅಧ್ಯಕ್ಷರು ಗೋಡೆಯ ಮುಂದೆ ನಿಂತರು. ನಿಜವಾಗಿ ನಿಂತರು. ಒಂದು ಗಳಿಗೆಗಿಂತ ಹೆಚ್ಚೇ.

"ಏನಮ್ಮಾ ಇದು?"

"ಬೊಂತೆ ಸಾರ್."

"ಅದಲ್ಲಮ್ಮ. ಈ ಗುರುತು?"

"ನಿಮ್ದು ಸಾರ್."

ಅಧ್ಯಕ್ಷರು ತಮ್ಮ ಬಲಗಾಲನ್ನು ನೋಡಿಕೊಂಡರು. ಅದು ಸ್ವಲ್ಪ ಹೊರಕ್ಕೆ ತಿರುಗಿತ್ತು. ಒಳಕ್ಕೆ ತಿರುಗಿಸಿಕೊಂಡರು. ಯಾರೂ ನಗಲಿಲ್ಲ. ಸಿದ್ದಯ್ಯನ ಕೈಯಿಂದ ಟೇಪು ಸರ್ರನೆ ಸುತ್ತಿಕೊಂಡಿತು. ಅಧ್ಯಕ್ಷರು ಅಳತೆ ಪೂರ್ತಿ ಮಾಡದೆ ಹೊರಟರು.

ಮರುದಿನ ಚೀಟಿ ಬಂತು. ಸಿದ್ದಯ್ಯ ಅದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. "ತೆಗೆ ಅಂತ ಬಂದದೆ ಅಮ್ಮಾವ್ರೆ. ನಾನೇ ಆಸ್ದೋನು. ಈಗ ನಾನೇ ತಗೀಬೇಕಂತೆ."

"ಕೊಡಿಲ್ಲಿ" ಎಂದು ಚೀಟಿ ಇಸಿದುಕೊಂಡು, ತಿರುಗಿಸಿ ಹಿಂಭಾಗ ನೋಡಿ, ತಾವೇ ಸ್ಟೂಲು ಹತ್ತಿ ಬೊಂತೆ ಇಳಿಸಿದರು. ನಾಲ್ಕು ದಿನ ಗೋಡೆಯ ಮೇಲಿತ್ತು. ಆ ವರ್ಷದ ಕೊನೆಯಲ್ಲಿ ನಿವೃತ್ತರಾದರು. ಹೊಲಿಗೆ ಕೋಣೆಗೆ ಕಂಪ್ಯೂಟರುಗಳು ಬಂದವು, ಅವಕ್ಕೆಲ್ಲ ಹೂವಿನ ಬಟ್ಟೆ ಹೊದಿಸಿದರು.

ಶೋಕಸಭೆ ಮುಗಿದ ಮೇಲೆ ನಾನು ನಂಜನಗೂಡಿಗೆ ಮರಳಿ ನೇರ ಅವರ ತಮ್ಮನ ಮನೆಗೆ ಹೋದೆ. ತಮ್ಮನ ಹೆಂಡತಿ ಕಾಫಿ ತಂದರು. ಪಾತ್ರೆಯನ್ನು ಹಿಡಿದು ತಂದದ್ದು ಹಸಿರು ಗದ್ದೆಗಳ ಬೊಂತೆಯಲ್ಲಿ. ಒಣಹುಲ್ಲಿನ ಚೌಕ ಸುಟ್ಟು ಕಪ್ಪಾಗಿತ್ತು. ಒಳಗೆ ಮಿಕ್ಸಿಯ ಕೆಳಗೆ ಒಂದು, ಕುಕ್ಕರಿನ ಕೆಳಗೆ ಒಂದು. ಬೂದು ಬಣ್ಣದ್ದನ್ನು ನಾಲ್ಕಾಗಿ ಮಡಿಸಿ ಕುಂಟುವ ಟಿ.ವಿ. ಮೇಜಿನ ಕಾಲಿಗೆ ಕೊಟ್ಟಿದ್ದರು.

"ಬಾಳಾ ಉಪಯೋಗಕ್ಕೆ ಬರ್ತವೆ ಮೇಷ್ಟ್ರೇ" ಎಂದರು ಆಕೆ, ಒಳ್ಳೆಯ ಮನಸ್ಸಿನಿಂದಲೇ. "ಪಾಪ, ಅಕ್ಕ ಇದ್ದಾಗ ಮುಟ್ಟೋಕೇ ಬಿಡ್ತಿರ್ಲಿಲ್ಲ."

ಒಳ್ಳೆಯ ಮನಸ್ಸಿನವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಪ್ರಯತ್ನಿಸಿದರೆ ಆಗುತ್ತದೆ. ಕಾಫಿ ಕುಡಿಯದೆ ಕೇಳಿದೆ, "ಬಿಳೀದು ಒಂದಿತ್ತಲ್ಲಮ್ಮ, ಬೂಟಿನ ಗುರುತಿರೋದು?"

"ಅಯ್ಯೋ ಅದಾ! ಕಾಲಿನ ಗುರುತಿರೋದನ್ನ ಒಲೆ ಹತ್ರ ಹೆಂಗೆ ಇಟ್ಕೊಳ್ಳೋದು? ಟ್ರಂಕಲ್ಲೇ ಬಿದ್ದದೆ. ಬಾಗ್ಲಿಗೆ ಹಾಕಾಣ ಅಂತಿದ್ದೆ."

ತಂದುಕೊಟ್ಟರು. ನಾನು ಎರಡೂ ಕೈ ಚಾಚಿ ಇಸಿದುಕೊಂಡೆ. ತಿರುಗಿಸಿ ಹಿಂಭಾಗ ನೋಡಿದೆ. ಗಂಟು ಒಂದೂ ಇರಲಿಲ್ಲ.

ಈಗ ಅದು ನಮ್ಮ ನಡುಮನೆಯಲ್ಲಿ, ಬಾಗಿಲಿನ ಎದುರಿನ ಗೋಡೆಯ ಮೇಲೆ ಇದೆ. ಚೀಟಿ ಅಂಟಿಸಿಲ್ಲ.